ಸರ್‌ನೇಮ್ ರಿಪೋರ್ಟ್ ತರಿಸಿದೆ: ಫ್ರೇಮಿಗೆ ಐದು ಸ್ಟಾರ್, ಒಳಗಿದ್ದದ್ದಕ್ಕೆ ಒಂದೂವರೆ

ಆನ್‌ಲೈನಿನಲ್ಲಿ ಈಗ ‘ಸರ್‌ನೇಮ್ ಹಿಸ್ಟರಿ’ ಅಂತ ಒಂದು ಸೇವೆ ಸಿಗುತ್ತದೆ. ನಿಮ್ಮ ಅಡ್ಡಹೆಸರು ಟೈಪ್ ಮಾಡಿ ದುಡ್ಡು ಕಟ್ಟಬೇಕು. ಆ ಹೆಸರು ಎಲ್ಲಿ ಹುಟ್ಟಿತು, ಅದರ ಅರ್ಥ ಏನು, ಈಗ ಯಾವ ಊರಿನಲ್ಲಿ ಎಷ್ಟು ಜನ ಅದನ್ನು ಇಟ್ಟುಕೊಂಡಿದ್ದಾರೆ ಅಂತ ಒಂದು ಪಿಡಿಎಫ್ ಬರುತ್ತದೆ. ಜಾಸ್ತಿ ಕೊಟ್ಟರೆ ಅದನ್ನೇ ದಪ್ಪ ಕಾಗದದಲ್ಲಿ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿ ಮನೆಗೆ ಕಳಿಸುತ್ತಾರೆ. ನಾನು ಫ್ರೇಮಿನದ್ದೇ ತರಿಸಿದೆ. ₹3,499, ಕೊರಿಯರ್ ಬೇರೆ. ಕಂಪನಿಯ ಹೆಸರು ಇಲ್ಲಿ ಹಾಕುವುದಿಲ್ಲ. ಇದೇ ವ್ಯಾಪಾರ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಒಬ್ಬರನ್ನೇ ಬೈದು ಪ್ರಯೋಜನ ಇಲ್ಲ. ನಮ್ಮ ಕರಾವಳಿಯ ಹೆಸರುಗಳಿಗೆ ಈ ಮಾದರಿಯ ರಿಪೋರ್ಟು ಆಗಿಬರುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನನ್ನದು ಉಡುಪಿ ಸಿಟಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಡಿಟಿಪಿ ಅಂಗಡಿ. ಜೆರಾಕ್ಸ್, ಮದುವೆ ಕಾಗದ, ಪಾನ್ ಕಾರ್ಡು, ಪಾಸ್‌ಪೋರ್ಟ್ ಅರ್ಜಿ ಎಲ್ಲ ಇದೆ. ಬೆಳಿಗ್ಗೆಯಿಂದ ಸಂಜೆವರೆಗೆ ಬೇರೆಯವರ ಹೆಸರು ಟೈಪ್ ಮಾಡುವುದೇ ಕೆಲಸ. ಹೆಸರಿನ ವಿಷಯದಲ್ಲಿ ನನಗೆ ಕಿರಿಕಿರಿ ಜಾಸ್ತಿ ಅಂತ ಮನೆಯಲ್ಲಿ ದೂರು ಇದೆ. ನನ್ನ ಅಡ್ಡಹೆಸರು ಪೆಜತ್ತಾಯ. ಉಡುಪಿ, ಕಾಸರಗೋಡು ಕಡೆಯವರಿಗೆ ಬಿಟ್ಟರೆ ಉಳಿದವರಿಗೆ ಇದು ಹೆಸರು ಅಂತಲೇ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಹೇಳಿದರೆ ‘ಏನಂದ್ರಿ?’ ಅಂತ ಇನ್ನೊಮ್ಮೆ ಕೇಳಿಯೇ ಕೇಳುತ್ತಾರೆ. ದೊಡ್ಡಪ್ಪ ಇರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಅವರ ಸಹಸ್ರ ಚಂದ್ರ ದರ್ಶನ ಶಾಂತಿಗೆ ಬೇರೆ ಥರದ್ದು ಏನಾದರೂ ಕೊಡೋಣ ಅಂತ ಇದನ್ನು ಆರಿಸಿದ್ದು. ಶಾಲು, ಹಣ್ಣಿನ ಬುಟ್ಟಿ ಎಲ್ಲರೂ ಕೊಡುತ್ತಾರೆ, ಅಲ್ವಾ?

ಒಳ್ಳೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಪ್ಯಾಕಿಂಗ್ ಚೆನ್ನಾಗಿತ್ತು. ನಾಲ್ಕು ಮೂಲೆಗೂ ಥರ್ಮಾಕೋಲ್, ಗಾಜಿನ ಬದಲು ಅಕ್ರಿಲಿಕ್ ಹಾಳೆ, ಹಿಂದೆ ತೂಗುಹಾಕಲು ಗಟ್ಟಿ ಕೊಕ್ಕೆ. ಜುಲೈ ಮಳೆಯಲ್ಲಿ ಬಂದರೂ ಒಳಗೆ ಒಂದು ಹನಿ ಹೋಗಿರಲಿಲ್ಲ. ಪ್ರಿಂಟಿನ ಬಗ್ಗೆ ನನಗೆ ಸ್ವಲ್ಪ ಗೊತ್ತು. ಮ್ಯಾಟ್ ಕಾಗದ, 300 ಜಿಎಸ್‌ಎಂ, ಬಣ್ಣ ಎಲ್ಲೂ ಹರಡಿಲ್ಲ. ಮೇಲೆ ನಡುವಿನಲ್ಲಿ ಹೆಸರು. ಅದರ ಕೆಳಗೆ ಒಂದು ಗುರಾಣಿ, ಗುರಾಣಿಯ ಎರಡೂ ಬದಿಗೆ ಹಿಂಗಾಲಿನ ಮೇಲೆ ಎದ್ದು ನಿಂತ ಸಿಂಹ. ಎಡಕ್ಕೆ ‘ಮೂಲ ಮತ್ತು ಅರ್ಥ’, ಬಲಕ್ಕೆ ಭಾರತದ ನಕ್ಷೆ. ಸಿಂಹ ಯಾಕೆ ಅಂತ ಕೇಳಬೇಡಿ. ನಮ್ಮ ಮನೆತನದಲ್ಲಿ ಪೂಜೆ ಮಾಡಿದವರು, ಅಡಿಕೆ ತೋಟ ಮಾಡಿದವರು ಇದ್ದಾರೆಯೇ ಹೊರತು ಕತ್ತಿ ಹಿಡಿದವರು ಯಾರೂ ಇಲ್ಲ. ಮಲ್ಪೆಯ ನನ್ನ ಗೆಳೆಯನ ರಿಪೋರ್ಟಿನಲ್ಲೂ ಇದೇ ಸಿಂಹ ಬಂದಿದೆ. ಅಂದರೆ ಅದು ಟೆಂಪ್ಲೇಟಿನ ಸಿಂಹ.

ಇನ್ನು ‘ಮೂಲ ಮತ್ತು ಅರ್ಥ’. ಇಲ್ಲಿ ಮೊದಲ ಸಾಲಿನಲ್ಲೇ ಎಡವಟ್ಟು. ‘ಪೇಜ್’ ಅಂದರೆ ಭಾರತದ ಪಶ್ಚಿಮ ಕರಾವಳಿಯಲ್ಲಿ ಅನ್ನದ ಗಂಜಿ, ಹಾಗಾಗಿ ಇದು ಗಂಜಿ ಬೇಯಿಸುವ ಕಸುಬಿನಿಂದ ಬಂದ ಹೆಸರು ಇರಬಹುದು ಅಂತ ಬರೆದಿದ್ದಾರೆ! ಪೇಜ್ ಅಂದರೆ ಗಂಜಿ ಹೌದು, ಆದರೆ ಅದು ಕೊಂಕಣಿಯಲ್ಲಿ. ಪೆಜತ್ತಾಯ ಕೊಂಕಣಿ ಹೆಸರಲ್ಲ, ತುಳು ಹೆಸರು. ಯಾವುದೋ ಕಂಪ್ಯೂಟರು ಮೊದಲ ಮೂರು ನಾಲ್ಕು ಅಕ್ಷರ ಹಿಡಿದು, ಸಿಕ್ಕಿದ ಅರ್ಥವನ್ನು ತಂದು ಅಂಟಿಸಿದೆ. ದೊಡ್ಡಪ್ಪ ಕನ್ನಡಕ ಏರಿಸಿ ಅದನ್ನು ಪೂರ್ತಿ ಓದಿದರು. ‘ಅಂತೂ ನಮ್ಮದು ಅಡುಗೆಯವರ ವಂಶ ಅಂತ ಸರ್ಟಿಫಿಕೇಟ್ ತಂದೆಯಲ್ಲ ಮಾರಾಯ, ಒಳ್ಳೆಯದಾಯಿತು, ಇವತ್ತಿನ ಸಾರಿಗೆ ಉಪ್ಪು ಕಮ್ಮಿ ಇತ್ತು’ ಅಂದರು. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು.

ಪೆಜ ಅಂದರೆ ಮರ. ಕನ್ನಡದಲ್ಲಿ ಹೆಬ್ಬಲಸು ಅನ್ನುತ್ತೇವೆ. ಹಲಸಿನ ಜಾತಿಯದೇ, ಆದರೆ ಹಣ್ಣು ಮುಷ್ಟಿಯಷ್ಟು, ಮೈಯೆಲ್ಲ ಮೆತ್ತನೆ ಮುಳ್ಳು. ಬೇಸಗೆಯಲ್ಲಿ ಗುಡ್ಡದ ಬದಿ ಹೋದರೆ ಮರದ ಬುಡದಲ್ಲಿ ಬಿದ್ದಿರುತ್ತದೆ. ಮರ ನೆಟ್ಟಗೆ ಎತ್ತರಕ್ಕೆ ಹೋಗುತ್ತದೆ, ಮನೆಗೂ ದೋಣಿಗೂ ಬಳಸುತ್ತಿದ್ದರು. ನಮ್ಮ ಕಡೆ ಮರದ ಹೆಸರು ಜಾಗಕ್ಕೆ, ಜಾಗದ ಹೆಸರು ಮನೆಗೆ, ಮನೆಯ ಹೆಸರು ಮನುಷ್ಯನಿಗೆ ಬರುವುದು ಹೊಸತೇನಲ್ಲ. ಈ ಹೆಸರು ಎಷ್ಟು ಹಳೆಯದು ಅಂತ ಗೊತ್ತಾಗುವುದು ಸಂಸ್ಕೃತದಿಂದ. 13ನೇ ಶತಮಾನದಲ್ಲಿ ಮಧ್ವಾಚಾರ್ಯರ ಜತೆ ವಾದ ಮಾಡಿ, ಆಮೇಲೆ ಅವರ ಶಿಷ್ಯರಾದ ತ್ರಿವಿಕ್ರಮ ಪಂಡಿತಾಚಾರ್ಯರ ಮನೆತನವನ್ನು ಸಂಸ್ಕೃತದಲ್ಲಿ ‘ಲಿಕುಚ’ ಅನ್ನುತ್ತಾರೆ. ಲಿಕುಚ ಅಂದರೂ ಹಲಸಿನ ಜಾತಿಯ ಮರವೇ. ತುಳುವಿನಲ್ಲಿ ಆ ಮನೆತನ ಪೆಜತ್ತಾಯ. ಅವರ ಊರು ಕಾಸರಗೋಡಿನ ಹತ್ತಿರದ ಕಾವುಗೋಳಿ. ಅವರ ಮಗ ನಾರಾಯಣ ಪಂಡಿತಾಚಾರ್ಯರು ಮಧ್ವರ ಚರಿತ್ರೆ ಬರೆದರು. ಅದರಲ್ಲಿ ಮಧ್ವರ ತಂದೆಯನ್ನು ‘ಮಧ್ಯಗೇಹ’ ಅಂದಿದ್ದಾರೆ. ಅದೂ ತುಳು ಹೆಸರೇ, ನಡಿಲ್ಲಾಯ, ಅಂದರೆ ನಡುಮನೆಯವನು. ಏಳುನೂರು ವರ್ಷದ ಹಿಂದೆಯೇ ನಮ್ಮ ಮನೆ ಹೆಸರುಗಳನ್ನು ಇನ್ನೊಂದು ಭಾಷೆಗೆ ತಿರುಗಿಸಿ ಬರೆಯುವ ಕೆಲಸ ಶುರುವಾಗಿತ್ತು. ಆದರೆ ಅವರು ಅರ್ಥ ಗೊತ್ತಿದ್ದು ತಿರುಗಿಸಿದರು.

ಮರದ ವಿಷಯ ಹುಡುಕಲು ನಾನು ದೊಡ್ಡ ಸಾಹಸ ಮಾಡಲಿಲ್ಲ. ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದವರು 1988ರಿಂದ 1997ರವರೆಗೆ ಆರು ಸಂಪುಟದ ತುಳು ನಿಘಂಟು ತಂದಿದ್ದಾರೆ. ಅಂಗಡಿಯಿಂದ ಅಲ್ಲಿಗೆ ಎಷ್ಟು ದೂರ? ಮಣಿಪಾಲದ ಬಸ್ ಹತ್ತಿ ಕುಂಜಿಬೆಟ್ಟಿನಲ್ಲಿ ಇಳಿದರೆ ಆಯಿತು. ಮೂರೂವರೆ ಸಾವಿರ ತೆಗೆದುಕೊಂಡವರಿಗೆ ಇಂಥದ್ದೊಂದು ಪುಸ್ತಕ ತೆರೆದು ನೋಡಲು ಏನು ಕಷ್ಟ ಅಂತ.

ರಿಪೋರ್ಟಿನ ಕೆಳಗೆ ‘ಹತ್ತಿರದ ಹೆಸರುಗಳು’ ಅಂತ ಒಂದು ಚೌಕ ಇದೆ. ಅದರಲ್ಲಿ ಪಾಟೀಲ್, ಪೂಜಾರಿ, ಪೇಠೆ ಅಂತೆಲ್ಲ ಇದೆ. ತಲೆ ನೋಡಿ ನೆಂಟರನ್ನು ಹುಡುಕಿದ್ದಾರೆ. ನಮ್ಮ ಹೆಸರುಗಳ ನೆಂಟಸ್ತಿಕೆ ಇರುವುದು ಬಾಲದಲ್ಲಿ. ಪುಣಿಂಚತ್ತಾಯ, ಎಡಪಡಿತ್ತಾಯ, ನೂರಿತ್ತಾಯ, ಬಡಕ್ಕಿಲ್ಲಾಯ, ಕಕ್ಕಿಲ್ಲಾಯ, ಕಡಮಣ್ಣಾಯ. ಬಾಯಲ್ಲಿ ಒಮ್ಮೆ ಹೇಳಿ ನೋಡಿ, ಗೊತ್ತಾಗುತ್ತದೆ. ಇವತ್ತಿಗೂ ತುಳುವಿನಲ್ಲಿ ‘ಓಲ್ದಾಯೆ?’ (ಎಲ್ಲಿಯವನು?) ಅಂತ ಕೇಳಿದರೆ ‘ಕುಡ್ಲದಾಯೆ’ (ಮಂಗಳೂರಿನವನು) ಅನ್ನುತ್ತಾರಲ್ಲ, ಅದೇ ‘ಆಯೆ’ ಈ ಹೆಸರುಗಳ ಕೊನೆಯಲ್ಲಿ ಕೂತಿದೆ. ಬಡಕ್ಕಿಲ್ಲಾಯ ಅಂದರೆ ಬಡಗು ಮನೆಯವನು, ಅಷ್ಟೇ. ಇವೆಲ್ಲ ಶಿವಳ್ಳಿ ಬ್ರಾಹ್ಮಣರ ಮನೆ ಹೆಸರುಗಳು. ಒಂದೊಂದೂ ಒಂದೊಂದು ಜಾಗದ ಹತ್ತಿರ ಹುಟ್ಟಿದ್ದು. ಹಾಗಾಗಿಯೇ ಅಪರೂಪ. ಭಟ್ಟ, ರಾವ್ ಥರ ಊರೂರಿಗೆ ಇರುವಂಥದ್ದಲ್ಲ. ತುಳು ಕಾವ್ಯಗಳ ತಾಳೆಗರಿ ಹುಡುಕಿ ತೆಗೆದ ವೆಂಕಟರಾಜ ಪುಣಿಂಚತ್ತಾಯರಾಗಲಿ, 1952ರಲ್ಲಿ ರಾಜ್ಯಸಭೆಗೆ ಹೋದ ಕಮ್ಯುನಿಸ್ಟ್ ನಾಯಕ ಬಿ.ವಿ. ಕಕ್ಕಿಲ್ಲಾಯರಾಗಲಿ, ಇಬ್ಬರ ಊರೂ ಕಾಸರಗೋಡು ಸೀಮೆಯೇ. ಒಬ್ಬರದು ಪುಂಡೂರು, ಇನ್ನೊಬ್ಬರದು ಬೇವಿಂಜೆ. ನಕ್ಷೆ ಬಿಡಿಸುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕೇ?

ನಕ್ಷೆಗೆ ಬರೋಣ. ನೋಡಲು ಚಂದ ಇದೆ. ಹೆಸರು ಜಾಸ್ತಿ ಇರುವ ಕಡೆ ಗಾಢ ಕೆಂಪು, ಕಮ್ಮಿ ಇರುವ ಕಡೆ ತೆಳು ಗುಲಾಬಿ. ನಮ್ಮ ಹೆಸರಿಗೆ ಅತಿ ಗಾಢ ಬಣ್ಣ ಬೆಂಗಳೂರಿಗೆ ಬಿದ್ದಿದೆ. ಆಮೇಲೆ ಮುಂಬೈ. ಉಡುಪಿಗೆ ತೆಳು ಗುಲಾಬಿ. ಕಾಸರಗೋಡಿನಲ್ಲಿ ಒಂದು ಚುಕ್ಕೆ, ಅದೂ ನಮ್ಮ ಮನೆಯ ಫ್ಯಾನಿನ ಗಾಳಿಗೆ ಹಾರಿ ಬಂದು ಕೂತ ಹಾಗೆ! ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೂಲ ಸ್ಥಾನ: ಬೆಂಗಳೂರು ಪ್ರದೇಶ’ ಅಂತ ಬೇರೆ. ಬೆಂಗಳೂರಿಗೆ ನಮ್ಮವರು ಹೋದದ್ದು ಕೆಲಸ ಹುಡುಕಿಕೊಂಡು. ಹೆಸರು ಅಲ್ಲಿ ಹುಟ್ಟಿದ್ದಲ್ಲ. ಇಂಥ ನಕ್ಷೆ ತೋರಿಸುವುದು ಜನ ಎಲ್ಲಿ ಫಾರಂ ತುಂಬಿದ್ದಾರೆ ಅನ್ನುವುದನ್ನು. ಇಂಗ್ಲಿಷಿನಲ್ಲಿ, ‘ಸರ್‌ನೇಮ್’ ಅನ್ನುವ ಕಾಲಂನಲ್ಲಿ, ಒಂದೇ ಸ್ಪೆಲ್ಲಿಂಗಿನಲ್ಲಿ ಯಾರು ಬರೆದಿದ್ದಾರೋ ಅವರು ಮಾತ್ರ ಲೆಕ್ಕಕ್ಕೆ.

ಆ ಸ್ಪೆಲ್ಲಿಂಗಿನ ಕಥೆ ನನಗಿಂತ ಚೆನ್ನಾಗಿ ಇವರಿಗೆ ಗೊತ್ತಿರಬೇಕಿತ್ತು. ಕನ್ನಡದಲ್ಲಿ ನಾಲ್ಕೇ ಅಕ್ಷರ, ಪೆಜತ್ತಾಯ. ಇಂಗ್ಲಿಷಿಗೆ ಹೋದ ಕೂಡಲೇ ‘ತ್ತಾ’ ಹತ್ತಿರ ಗಲಾಟೆ. ಕೆಲವರು ಒಂದು ಟಿ, ಒಂದು ಎಚ್ ಹಾಕುತ್ತಾರೆ. ಕೆಲವರು ಎರಡು ಟಿ ಹಾಕಿ ಎಚ್ ಬಿಡುತ್ತಾರೆ. ಇನ್ನು ಕೆಲವರಿಗೆ ಎರಡು ಟಿಯೂ ಬೇಕು, ಎಚ್ಚೂ ಬೇಕು. ಆಮೇಲೆ ಎ ಒಂದೋ ಎರಡೋ ಅನ್ನುವ ಪ್ರಶ್ನೆ. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು ಥರ, ತಮ್ಮನದ್ದರಲ್ಲಿ ಇನ್ನೊಂದು ಥರ. ಒಂದೇ ಶಾಲೆ, ಒಂದೇ ಮನೆ. ರಿಪೋರ್ಟಿನವರ ಲೆಕ್ಕದಲ್ಲಿ ನಾವಿಬ್ಬರೂ ಬೇರೆ ಬೇರೆ ಸರ್‌ನೇಮಿನವರು. ದೇಶದಲ್ಲಿ ಇಷ್ಟು ಜನ ಪೆಜತ್ತಾಯರು ಇದ್ದಾರೆ ಅಂತ ಒಂದು ಸಂಖ್ಯೆಯನ್ನೂ ಚಿನ್ನದ ಬಣ್ಣದಲ್ಲಿ ಹಾಕಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಮ್ಮನನ್ನೇ ಬಿಟ್ಟ ಸಂಖ್ಯೆ ನಿಮಗೆ ಎಂತಕ್ಕೆ?

ಇನ್ನು ಹೆಸರೇ ಹಾಕದವರು. ನಮ್ಮಲ್ಲಿ ಇವರ ಸಂಖ್ಯೆಯೇ ಜಾಸ್ತಿ. ಹಳಬರು ಊರಿನ ಇನಿಷಿಯಲ್ಲು, ಅಪ್ಪನ ಇನಿಷಿಯಲ್ಲು ಹಾಕಿ ಮುಗಿಸಿದರು. ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದವರು ಅಲ್ಲಿನವರ ನಾಲಿಗೆಗೆ ಸುಲಭ ಆಗಲಿ ಅಂತ ರಾವ್ ಆದರು, ಭಟ್ ಆದರು. ಗಡಿಯ ಆಚೆ ಇನ್ನೊಂದು ಕಥೆ. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ಆದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಅದುವರೆಗೆ ಅದೂ ದಕ್ಷಿಣ ಕನ್ನಡ ಜಿಲ್ಲೆಯೇ. ಕೇರಳದ ಪದ್ಧತಿಯಲ್ಲಿ ಇನಿಷಿಯಲ್ ಹೆಸರಾದ ಮೇಲೆ ಬರುತ್ತದೆ. ದೊಡ್ಡಪ್ಪನ ರೇಷನ್ ಕಾರ್ಡಿನಲ್ಲಿ ಪೆಜತ್ತಾಯ ಅನ್ನುವುದು ಬರೀ ಒಂದು ‘ಪಿ’. ಅವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ, ಪೂರ್ತಿ ಹೆಸರು ಇಟ್ಟುಕೊಂಡಿದ್ದಾನೆ. ಹಾಗೆ ನೋಡಿದರೆ ಬೆಂಗಳೂರು ಕೆಂಪಾಗಿ, ಬದಿಯಡ್ಕ ಬಿಳಿಯಾಗಿ ಉಳಿದದ್ದರಲ್ಲಿ ಆಶ್ಚರ್ಯ ಏನಿದೆ?

ಇದಕ್ಕೆ ಇತ್ತೀಚಿನ ಒಂದು ತಿರುವೂ ಇದೆ, ನನ್ನ ಅಂಗಡಿಯಲ್ಲೇ ಕಂಡದ್ದು. 2022ರ ನವೆಂಬರಿನಲ್ಲಿ ಯುಎಇಯವರು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದರೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂದರು. ಅಪ್ಪನ ಹೆಸರು ಎರಡನೇ ಪುಟದಲ್ಲಿ ಇದ್ದರೆ ಸಾಕು ಅನ್ನುವ ಸಡಿಲಿಕೆ ಆಮೇಲೆ ಬಂತು. ಅಷ್ಟರಲ್ಲಿ ಇಲ್ಲಿ ಗಲಿಬಿಲಿ ಆಗಿತ್ತು. ನಮ್ಮ ಜಿಲ್ಲೆಯಲ್ಲಿ ದುಬೈ, ಶಾರ್ಜಾದ ನೆಂಟಸ್ತಿಕೆ ಇಲ್ಲದ ಮನೆ ಯಾವುದು? ಸರ್‌ನೇಮ್ ಕಾಲಂ ಖಾಲಿ ಬಿಟ್ಟಿದ್ದವರೆಲ್ಲ ಬಂದರು. ‘ಏನು ಹಾಕುವುದು ಅಣ್ಣ?’ ಅಂತ ನನ್ನನ್ನೇ ಕೇಳುತ್ತಿದ್ದರು. ಕೆಲವರು ಅಪ್ಪನ ಹೆಸರು ಹಾಕಿಸಿದರು. ಕೆಲವರು ಊರಿನ ಹೆಸರು. ಒಬ್ಬರು ಮನೆಗೆ ಫೋನ್ ಮಾಡಿ, ಅಜ್ಜಿಯನ್ನು ಕೇಳಿ, ಮೂರು ತಲೆಮಾರು ಯಾರೂ ಬಳಸದ ಮನೆ ಹೆಸರು ಬರೆಸಿದರು. ಆ ಹೆಸರು ಈಗ ಡೇಟಾಬೇಸಿನಲ್ಲಿ ಇದೆ. ನಕ್ಷೆಯಲ್ಲಿ ಅದಕ್ಕೂ ಒಂದು ಚುಕ್ಕೆ ಬಿದ್ದಿರುತ್ತದೆ. ಪಾನ್ ಕಾರ್ಡಿನದ್ದೂ ಇದೇ ಕಥೆ, ಅರ್ಜಿಯಲ್ಲಿ ಕೊನೆಯ ಹೆಸರು ಕಡ್ಡಾಯ, ಇನಿಷಿಯಲ್ ನಡೆಯುವುದಿಲ್ಲ. ಇನಿಷಿಯಲ್ಲಿಗೆ ಪೂರ್ತಿ ಅಕ್ಷರ ಹುಡುಕುತ್ತಾ ಕೂರುವವನು ನಾನು.

ಊರನ್ನೇ ಅಡ್ಡಹೆಸರು ಮಾಡಿಕೊಂಡ ಸಾರಸ್ವತರನ್ನು ನೋಡಿ. ಪಡುಕೋಣೆ, ಕಲ್ಯಾಣಪುರ, ಗುಲ್ವಾಡಿ, ಮುಂಡ್ಕೂರು, ಬಸ್ರೂರು, ಬೆನಗಲ್, ಕಾರ್ನಾಡು. ಎಲ್ಲ ನಮ್ಮ ಸುತ್ತಮುತ್ತಲಿನ ಊರುಗಳೇ. ಕಲ್ಯಾಣಪುರಕ್ಕೆ ನನ್ನ ಅಂಗಡಿಯಿಂದ ಸಂತೆಕಟ್ಟೆ ದಾಟಿದರೆ ಆಯಿತು. ಕಾರ್ನಾಡು ಮೂಲ್ಕಿಯ ಮಗ್ಗುಲಲ್ಲಿದೆ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪ್ರಕಾಶ್ ಪಡುಕೋಣೆಯವರ ಹೆಸರಿನಲ್ಲಿರುವುದು ಕುಂದಾಪುರದಿಂದ ಮೇಲಕ್ಕೆ ಇರುವ ಹಳ್ಳಿ. ಈ ಹೆಸರುಗಳನ್ನು ಅದೇ ವೆಬ್‌ಸೈಟಿನ ಉಚಿತ ಹುಡುಕಾಟದಲ್ಲಿ ಹಾಕಿ ನೋಡಿದೆ. ಎಲ್ಲದಕ್ಕೂ ಮುಂಬೈ ಕೆಂಪು. ಅಲ್ಲಿ ಜನ ಇದ್ದಾರೆ ಅನ್ನುವುದು ಸರಿ. ಆದರೆ ಊರಿನಲ್ಲಿ ಉಳಿದವನು ಊರಿನ ಹೆಸರು ಇಟ್ಟುಕೊಂಡು ಏನು ಮಾಡುತ್ತಾನೆ? ಕಲ್ಯಾಣಪುರದಲ್ಲಿ ಎಲ್ಲರೂ ಕಲ್ಯಾಣಪುರದವರೇ. ಊರು ಬಿಟ್ಟ ಮೇಲೆಯೇ ಅದು ಅಡ್ಡಹೆಸರು. ಇಂಥ ಹೆಸರಿನ ನಕ್ಷೆಯಲ್ಲಿ ಹುಟ್ಟಿದ ಜಾಗ ಖಾಲಿ ಇರುವುದೇ ಸಹಜ. ಪಿನ್‌ಕೋಡ್ ಹುಡುಕಿದ್ದರೂ ಇವರಿಗೆ ಊರು ಸಿಗುತ್ತಿತ್ತು.

ಮಲ್ಪೆಯ ಗೆಳೆಯ ಅಂದೆನಲ್ಲ, ಅವನು ನನ್ನ ಜತೆಗೇ ಪಿಡಿಎಫ್ ತರಿಸಿದ್ದ. ಅವನು ಮೀನುಗಾರಿಕೆಯ ಮೊಗವೀರ ಸಮುದಾಯದವನು, ಅಡ್ಡಹೆಸರು ಮೆಂಡನ್. ರಿಪೋರ್ಟಿನಲ್ಲಿ ಏನು ಬಂತು ಗೊತ್ತಾ? ಇಂಗ್ಲಿಷ್ ಮೂಲದ ಹೆಸರಂತೆ, ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಮೆಂಡನ್ ಅಂತ ಊರು ಇದೆಯಂತೆ. ಊರು ಇರುವುದು ನಿಜ. ನಮ್ಮ ಮೆಂಡನ್‌ಗೂ ಅದಕ್ಕೂ ಸಂಬಂಧ ಇಲ್ಲ, ಅಷ್ಟೇ. ಮೆಂಡನ್ ಅನ್ನುವುದು ಒಂದು ಬರಿ, ಅಂದರೆ ಕುಲದ ಹೆಸರು. ಕುಂದರ್, ಕರ್ಕೇರ, ಪುತ್ರನ್, ತಿಂಗಳಾಯ, ಕಾಂಚನ್ ಇದ್ದ ಹಾಗೆ. ಅವನ ಅಪ್ಪ ಕರ್ಕೇರ. ಇವನು ಮೆಂಡನ್ ಆದದ್ದು ಅಮ್ಮನಿಂದ, ಯಾಕೆಂದರೆ ಅಳಿಯಸಂತಾನ ಅನ್ನುವ ತಾಯಿವಂಶದ ಪದ್ಧತಿಯಲ್ಲಿ ಬರಿ ಬರುವುದು ತಾಯಿಯ ಕಡೆಯಿಂದ. ಇವನ ಮಗನಿಗೆ ಶಾಲೆಯಲ್ಲಿ ಮೆಂಡನ್ ಅಂತ ಬರೆಸಿದ್ದಾರೆ, ಈಗಿನ ಪದ್ಧತಿಯಂತೆ ಅಪ್ಪನ ಹೆಸರು. ಆದರೆ ಹೆಂಡತಿ ಕುಂದರ್, ಹಾಗಾಗಿ ಬರಿ ಕೇಳಿದರೆ ಹುಡುಗ ಕುಂದರ್. ನಾಳೆ ಅವನಿಗೆ ಹೆಣ್ಣು ನೋಡುವಾಗ ಕೇಳುವುದು ಬರಿಯನ್ನು, ಆಧಾರ್ ಕಾರ್ಡನ್ನಲ್ಲ. ಒಂದೇ ಬರಿಯಲ್ಲಿ ಸಂಬಂಧ ಮಾಡುವುದಿಲ್ಲ.

ಅಂದರೆ ಅಪ್ಪ, ಮಗ, ಮೊಮ್ಮಗ ಮೂರು ಜನ, ಮೂರು ಬರಿ. ರಿಪೋರ್ಟಿನ ಎರಡನೇ ಪುಟದಲ್ಲಿ ಒಂದು ವಂಶವೃಕ್ಷದ ಚಿತ್ರ ಇದೆ. ನಿಮ್ಮ ಹೆಸರು ಹಾಕಿದರೆ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರಿಗೂ ಅದೇ ಸರ್‌ನೇಮ್ ತಾನಾಗಿ ಬಂದು ಕೂರುತ್ತದೆ. ಬದಲಾಯಿಸಲು ಜಾಗ ಇಲ್ಲ. ತುಳುನಾಡಿನ ಅರ್ಧಕ್ಕರ್ಧ ಜನರಿಗೆ ಆ ಪುಟ ಪೊಕ್ಕಡೆ, ಅಂದರೆ ದಂಡ. ಇದೇನು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಮದ್ರಾಸ್ ಸರಕಾರ 1949ರಲ್ಲಿ ಅಳಿಯಸಂತಾನಕ್ಕೆ ಅಂತಲೇ ಕಾಯ್ದೆ ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಅದಕ್ಕೆ ಬೇರೆಯೇ ಕಲಂ ಇದೆ. ಇನ್ನೊಂದು ತೊಡಕು: ಬಂಗೇರ, ಕೋಟ್ಯಾನ್, ಸಾಲಿಯಾನ್, ಸುವರ್ಣ ಇವೆಲ್ಲ ಮೊಗವೀರರಲ್ಲೂ ಇವೆ, ಬಿಲ್ಲವರಲ್ಲೂ ಇವೆ. ‘ಈ ಸರ್‌ನೇಮಿನವರೆಲ್ಲ ಒಂದೇ ಮೂಲಪುರುಷನ ಸಂತತಿ’ ಅಂತ ಟೆಂಪ್ಲೇಟಿನಲ್ಲಿ ಬರುವ ಸಾಲನ್ನು ಮಲ್ಪೆ ಬಂದರಿನಲ್ಲಿ ಓದಿ ಹೇಳಿದರೆ ಜನ ನಗುತ್ತಾರೆ. ಮೂಲಪುರುಷ ಎಲ್ಲಿಂದ ಬಂದ? ಅಲ್ಲಿ ಇರುವುದು ಮೂಲಸ್ತ್ರೀ.

ಮಂಗಳೂರು ಕುಲಶೇಖರದಿಂದ ಇಲ್ಲಿಗೆ ಮದುವೆಯಾಗಿ ಬಂದ ಒಬ್ಬರು ಗಿರಾಕಿ ಇದ್ದಾರೆ, ತವರಿನ ಹೆಸರು ಸಲ್ದಾನ್ಹ. ಅವರೂ ಇದೇ ಕಡೆಯಿಂದ ರಿಪೋರ್ಟ್ ತರಿಸಿದ್ದರು. ಅವರದ್ದು ಮಾತ್ರ ಸ್ವಲ್ಪ ಗಟ್ಟಿ ಇತ್ತು. ಯುರೋಪಿನ ಹೆಸರಾದರೆ ಇವರ ಹತ್ತಿರ ಮಾಹಿತಿ ಚೆನ್ನಾಗಿದೆ. ಸ್ಪೇನಿನ ಪಲೆನ್ಸಿಯಾ ಪ್ರಾಂತದ ಸಲ್ದಾನ್ಯ ಅನ್ನುವ ಊರಿನಿಂದ ಹೆಸರು ಬಂತು, ಪೋರ್ಚುಗಲ್ ಮೂಲಕ ಹರಡಿತು ಅಂತ ಸರಿಯಾಗಿಯೇ ಇತ್ತು. ಗುರಾಣಿಯೂ ಬೇರೆ, ನಮ್ಮ ಸಿಂಹದ ಟೆಂಪ್ಲೇಟಲ್ಲ. ಆದರೆ ಆಮೇಲೆ ‘ನಿಮ್ಮ ಪೂರ್ವಜರು ಸ್ಪೇನಿನ ಶ್ರೀಮಂತ ಮನೆತನದವರು’ ಅಂತ ಬರೆದುಬಿಟ್ಟಿದ್ದಾರೆ. ಮಂಗಳೂರಿನ ಕ್ಯಾಥೊಲಿಕರು ಬಂದದ್ದು ಗೋವಾದಿಂದ. ಮತಾಂತರದ ಕಾಲದಲ್ಲಿ ಸಾಮಾನ್ಯವಾಗಿ ದೀಕ್ಷೆ ಕೊಟ್ಟ ಪಾದ್ರಿಯ ಹೆಸರೋ ಜ್ಞಾನಪಿತನ (ಗಾಡ್‌ಫಾದರ್) ಹೆಸರೋ ಸಿಗುತ್ತಿತ್ತು. ಹೆಸರು ಬಂತು, ರಕ್ತ ಬರಲಿಲ್ಲ. ಎಷ್ಟೋ ಮನೆಗಳಲ್ಲಿ ತಾವು ಮೊದಲು ಪ್ರಭು, ಕಾಮತ್, ಶೆಣೈ ಆಗಿದ್ದೆವು ಅಂತ ಇವತ್ತಿಗೂ ನೆನಪಿದೆ. ಅವರ ಮನೆಯಲ್ಲೂ ‘ಪ್ರಭು’ ಅಂತ ಅಜ್ಜಿ ಹೇಳುತ್ತಿದ್ದರಂತೆ. 1784ರಲ್ಲಿ ಟಿಪ್ಪು ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, 1799ರವರೆಗೆ ಅಲ್ಲಿ ಸೆರೆಯಲ್ಲಿದ್ದದ್ದು, ಇಲ್ಲಿನ ಚರ್ಚುಗಳನ್ನು ಕೆಡವಿದ್ದು, ಇದರ ಬಗ್ಗೆ ರಿಪೋರ್ಟಿನಲ್ಲಿ ಒಂದು ಸಾಲೂ ಇಲ್ಲ. ಮಂಗಳೂರಿನ ಸಲ್ದಾನ್ಹರ ಚರಿತ್ರೆಯಲ್ಲಿ ಸ್ಪೇನಿಗಿಂತ ಅದು ಮುಖ್ಯ, ಅಲ್ವಾ? ಅವರು ಗುರಾಣಿಯನ್ನು ಮಾತ್ರ ಕತ್ತರಿಸಿ ಮಗಳ ಕೋಣೆಗೆ ಹಾಕಿದ್ದಾರೆ. ಚಂದ ಇದೆ ಅಂತೆ.

ಕಸ್ಟಮರ್ ಕೇರ್ ಬಗ್ಗೆ. ಚಾಟ್‌ನಲ್ಲಿ ಬೇಗ ಸಿಗುತ್ತಾರೆ, ಮಾತು ನಯ. ಗಂಜಿಯ ವಿಷಯ ಹೇಳಿದೆ, ನಿಘಂಟಿನ ಪುಟದ ಫೋಟೋ ಕಳಿಸಿದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಬಂತು. ಅಭಿಪ್ರಾಯ ಅಲ್ಲ ಮಾರಾಯ್ರೆ, ಮರ ಅದು ಅಂದೆ. ನಮ್ಮ ಪರಿಣತರ ತಂಡ ನೋಡುತ್ತದೆ ಅಂದರು. ಆಮೇಲೆ ಹೊಸ ಪಿಡಿಎಫ್ ಬಂತು. ತೆರೆದು ನೋಡಿದರೆ ‘ಇರಬಹುದು’ ಅನ್ನುವ ಕಡೆ ‘ಇರಲೂಬಹುದು’ ಅಂತ ಆಗಿದೆ. ಗಂಜಿ ಹಾಗೇ ಇದೆ. ಫ್ರೇಮಿಗೆ ರೀಪ್ರಿಂಟ್ ಬೇಕಾದರೆ ಅರ್ಧ ದುಡ್ಡು ಮತ್ತೆ ಕಟ್ಟಬೇಕು. ವೈಯಕ್ತಿಕ ಹೆಸರು ಹಾಕಿದ ಸಾಮಾನು, ಹಾಗಾಗಿ ವಾಪಸ್ ಇಲ್ಲ.

ಒಂದು ವಿಷಯ ಮಾತ್ರ ಗಮನ ಇಟ್ಟು ಓದಿ, ದಿನಾ ಫಾರಂ ತುಂಬಿಸುವವನ ಮಾತು. ಆರ್ಡರ್ ಮಾಡುವಾಗ ಇವರು ಹುಟ್ಟಿದ ದಿನಾಂಕ, ಹುಟ್ಟಿದ ಊರು, ತಾಯಿಯ ತವರಿನ ಸರ್‌ನೇಮ್ ಎಲ್ಲ ಕೇಳುತ್ತಾರೆ. ‘ಹೆಚ್ಚು ನಿಖರವಾದ ವರದಿಗಾಗಿ’ ಅಂತೆ. ನನ್ನ ರಿಪೋರ್ಟಿನಲ್ಲಿ ಅದರ ಒಂದು ಅಂಶವನ್ನೂ ಬಳಸಿಲ್ಲ. ತಾಯಿಯ ತವರಿನ ಹೆಸರು ಬ್ಯಾಂಕಿನವರು ಗುರುತು ಪರೀಕ್ಷೆಗೆ ಕೇಳುವ ಪ್ರಶ್ನೆ. ಅದನ್ನೆಲ್ಲ ಖಾಲಿ ಬಿಟ್ಟರೂ ಆರ್ಡರ್ ಹೋಗುತ್ತದೆ, ಬಿಡಿ. ಆಮೇಲೆ ಎಂಜಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿ ಅಂತ ಮೆಸೇಜ್ ಮೇಲೆ ಮೆಸೇಜ್. ಅದರಲ್ಲೂ ಅಪ್ಪನಿಂದ ಮಗನಿಗೆ ಹೋಗುವ ವೈ ಕ್ರೋಮೊಸೋಮಿನ ಪರೀಕ್ಷೆಯನ್ನೇ ‘ಸರ್‌ನೇಮ್ ಟೆಸ್ಟ್’ ಅಂತ ಮಾರುತ್ತಾರೆ. ನನ್ನ ಮಲ್ಪೆಯ ಗೆಳೆಯನಿಗೆ ಅದರಿಂದ ಸಿಗುವುದು ಅಪ್ಪನ ಕಡೆಯ ಸುದ್ದಿ, ಮೆಂಡನ್ ಬರಿಯದ್ದಲ್ಲ. ಮೇಲಾಗಿ ಈ ಮಾಹಿತಿ ಒಮ್ಮೆ ಕೈ ಬಿಟ್ಟರೆ ವಾಪಸ್ ಬರುವುದಿಲ್ಲ. ಟ್ವೆಂಟಿತ್ರೀ ಆಂಡ್ ಮಿ ಅನ್ನುವ ದೊಡ್ಡ ಅಮೆರಿಕನ್ ಕಂಪನಿಯಿಂದಲೇ 2023ರಲ್ಲಿ 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು. ಎಂಜಲನ್ನು ಹೇಗೆ ಬದಲಾಯಿಸುವುದು?

ಹಾಗಾದರೆ ಯಾರು ತರಿಸಬಹುದು? ಹೆಸರು ಯುರೋಪಿನದ್ದಾದರೆ, ಅಥವಾ ದೇಶದ ತುಂಬ ಒಂದೇ ಸ್ಪೆಲ್ಲಿಂಗಿನಲ್ಲಿ ಇರುವಂಥದ್ದಾದರೆ, ಪಿಡಿಎಫ್ ಮಾತ್ರ ತರಿಸಿ, ಕುತೂಹಲಕ್ಕೆ ಸಾಕು. ನಮ್ಮ ಕಡೆಯ ಅಪರೂಪದ ಹೆಸರಾದರೆ ಅದೇ ದುಡ್ಡಿನಲ್ಲಿ ಮನೆಯ ಹಳೆ ಮದುವೆ ಕಾಗದ, ಭೂಮಿಯ ಪಹಣಿ ಇಟ್ಟುಕೊಂಡು ಕೂತು, ಮನೆಯ ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಮದುವೆ ಕಾಗದದಲ್ಲಿ ‘ಸುಖಾಗಮನ ಬಯಸುವ’ ಅಂತ ಕೆಳಗೆ ಇರುತ್ತದಲ್ಲ, ಅಲ್ಲಿ ನೆಂಟರ ಹೆಸರಿನ ಜತೆಗೆ ಊರೂ ಇರುತ್ತದೆ. ನಾನೇ ಎಷ್ಟೋ ಟೈಪ್ ಮಾಡಿದ್ದೇನೆ. ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಅಂಥ ಕಾಗದಗಳ ಕಟ್ಟೇ ಇತ್ತು. ನಮ್ಮವರು ಯಾವ ಯಾವ ಊರಿನಲ್ಲಿದ್ದರು ಅಂತ ಅದರಿಂದ ನಾನು ಬರೆದುಕೊಂಡ ಪಟ್ಟಿಗೂ ರಿಪೋರ್ಟಿನ ನಕ್ಷೆಗೂ ಹೊಂದುವ ಊರು ಒಂದೇ, ಉಡುಪಿ.

ಫ್ರೇಮ್ ಹಾಳು ಮಾಡಲಿಲ್ಲ. ಹಿಂದಿನ ಮೊಳೆ ಬಿಚ್ಚಿ, ಒಳಗಿನ ಹಾಳೆ ತೆಗೆದು, ಅದೇ ಅಳತೆಗೆ ನನ್ನ ಅಂಗಡಿಯಲ್ಲೇ ಬೇರೆ ಪ್ರಿಂಟ್ ಹಾಕಿ ಕೊಟ್ಟೆ. ಕನ್ನಡದಲ್ಲಿ ಹೆಸರು, ಸಿಂಹದ ಜಾಗಕ್ಕೆ ಹೆಬ್ಬಲಸಿನ ಎಲೆ. ದೊಡ್ಡಪ್ಪ ಗಂಜಿಯದ್ದನ್ನೇ ಇಟ್ಟುಕೊಳ್ಳುತ್ತೇನೆ ಅಂತ ಹಠ ಹಿಡಿದಿದ್ದರು, ಬಂದವರಿಗೆ ಓದಿ ಹೇಳಲು ಮಜಾ ಬರುತ್ತದಂತೆ. ಕಂಪನಿಯವರು ಸಮಾಧಾನಕ್ಕೆ ಅಂತ ಇನ್ನೊಂದು ಸರ್‌ನೇಮಿಗೆ ಇಪ್ಪತ್ತು ಪರ್ಸೆಂಟ್ ರಿಯಾಯಿತಿ ಕೂಪನ್ ಕಳಿಸಿದ್ದಾರೆ, ತಿಂಗಳ ಕೊನೆವರೆಗೆ ನಡೆಯುತ್ತದೆ. ಬೇಕಾದವರು ಕೇಳಿ, ಸುಮ್ನೆ ಬಿದ್ದಿದೆ.